ಅಪರಾಧವೂ ಅತಿಚಾರವೂ

ಮನುಷ್ಯನ ನಡೆವಳಿಕೆಯನ್ನು ತೂಗುವ ತಕ್ಕಡಿಗಳು ಎರಡು. ಒಂದು ರಾಜ್ಯವು ರಚಿಸಿದ ದಂಡಸಂಹಿತೆ. ಇನ್ನೊಂದು ಆಚಾರ್ಯರು ಬೋಧಿಸಿದ ಆತ್ಮಪರೀಕ್ಷೆ. ಮೊದಲನೆಯದರ ಮುಂದೆ ಮನುಷ್ಯನು ನಿಲ್ಲುವುದು ಸಿಕ್ಕಿಬಿದ್ದಾಗ ಮಾತ್ರ. ಎರಡನೆಯದರ ಮುಂದೆ ಸಾಮಾಯಿಕಕ್ಕೆ ಕುಳಿತಾಗಲೆಲ್ಲ ನಿಲ್ಲಬೇಕಾಗುತ್ತದೆ. ಇವೆರಡರ ಹುಟ್ಟು ಬೇರೆ, ಗುರಿ ಬೇರೆ. ಆದರೂ ಇವು ತೂಗುವ ಕ್ರಮವನ್ನು ಹತ್ತಿರದಿಂದ ನೋಡಿದವನಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಎರಡೂ ಕೇಳುವ ಮೊದಲ ಪ್ರಶ್ನೆಗಳು ಒಂದೇ: ಏನು ನಡೆಯಿತು? ನಡೆಸುವಾಗ ಮನಸ್ಸು ಎಲ್ಲಿತ್ತು?

ಮೆಕಾಲೆಯ ನೇತೃತ್ವದ ಆಯೋಗವು 1837ರಲ್ಲಿ ಕರಡು ಸಿದ್ಧಪಡಿಸಿದ ಭಾರತೀಯ ದಂಡಸಂಹಿತೆಯು 1860ರಲ್ಲಿ ಅಂಗೀಕಾರವಾಗಿ, 1862ರ ಜನವರಿ 1ರಂದು ಜಾರಿಗೆ ಬಂದಿತು. 511 ಕಲಮುಗಳ ಆ ಗ್ರಂಥವು 162 ವರ್ಷ ಆಳಿ, 2024ರ ಜುಲೈ 1ರಿಂದ 358 ಕಲಮುಗಳ ಭಾರತೀಯ ನ್ಯಾಯಸಂಹಿತೆಗೆ ಸ್ಥಾನ ಬಿಟ್ಟುಕೊಟ್ಟಿದೆ. ಹೆಸರು ಬದಲಾಯಿತು, ಕಲಮುಗಳ ಸಂಖ್ಯೆ ಬದಲಾಯಿತು; ಆದರೆ ಅಪರಾಧವೊಂದನ್ನು ಬಿಡಿಸಿ ನೋಡುವ ರೀತಿ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಪ್ರತಿಯೊಂದು ಅಪರಾಧಕ್ಕೂ ಅದರದೇ ಆದ ಅಂಗಗಳಿವೆ. ನಿಷಿದ್ಧವಾದ ಕ್ರಿಯೆಯೊಂದು ನಡೆದಿರಬೇಕು. ಅದರ ಜೊತೆಗೆ ಉದ್ದೇಶ, ಅರಿವು, ಅಪ್ರಾಮಾಣಿಕತೆ ಅಥವಾ ಕನಿಷ್ಠಪಕ್ಷ ಅಜಾಗರೂಕತೆ ಇರಬೇಕು. ಒಂದು ಅಂಗ ಕಳಚಿದರೂ ಆ ಅಪರಾಧ ನಿಲ್ಲುವುದಿಲ್ಲ. ಕಂಬವೊಂದು ಕಳಚಿದ ಮಂಟಪದಂತೆ ಆರೋಪವೇ ಕುಸಿಯುತ್ತದೆ.

ಕಂಬದ ಮಾತು ಬಂದಾಗ ಹಂಪಿಯ ಒಂದು ಪ್ರಕರಣ ಸಹಜವಾಗಿಯೇ ನೆನಪಾಗುತ್ತದೆ. 2019ರ ಫೆಬ್ರವರಿಯ ಆರಂಭದಲ್ಲಿ, ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ಕಲ್ಲಿನ ಕಂಬವನ್ನು ತಳ್ಳಿ ಕೆಡವುವ ದೃಶ್ಯವು ಜನರ ಕೈಯಿಂದ ಕೈಗೆ ಹರಡಿತು. ನಾಲ್ವರು ಬಂಧಿತರಾದರು. ಹೊಸಪೇಟೆಯ ನ್ಯಾಯಾಲಯವು ತಲಾ 70,000 ರೂಪಾಯಿ ದಂಡ ವಿಧಿಸಿತು. ಬೀಳಿಸಿದ ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯು 2010ರ ತಿದ್ದುಪಡಿಯ ಬಳಿಕ ಇಂತಹ ಕೃತ್ಯಕ್ಕೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಸಾಮಾನ್ಯ ದಂಡಸಂಹಿತೆಯಲ್ಲಿ ಇದಕ್ಕೆ ಸಮೀಪವಾದ ಅಪರಾಧ ಕಿಡಿಗೇಡಿತನ. ಈಗಿನ ಸಂಹಿತೆಯಲ್ಲಿ 324ನೆಯ ಕಲಮು. ಅದರ ಅಂಗಗಳು ಮೂರು: ಸಾರ್ವಜನಿಕರಿಗಾಗಲಿ ವ್ಯಕ್ತಿಗಾಗಲಿ ಅನ್ಯಾಯದ ನಷ್ಟವಾಗಲೆಂಬ ಉದ್ದೇಶ ಅಥವಾ ಆಗುವುದೆಂಬ ಅರಿವು, ಸ್ವತ್ತಿನ ನಾಶ ಅಥವಾ ಬದಲಾವಣೆ, ಆ ಬದಲಾವಣೆಯಿಂದ ಸ್ವತ್ತಿನ ಬೆಲೆ ಅಥವಾ ಉಪಯೋಗ ಕುಂದುವಿಕೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂತಹ ಸಂದರ್ಭದಲ್ಲಿ ಯಾರಾದರೂ 'ಮೋಜಿಗಾಗಿ ಮಾಡಿದ್ದು' ಎನ್ನಬಹುದು. ಮೋಜು ಎಂಬುದು ಪ್ರೇರಣೆ, ಅದು ಉದ್ದೇಶವಲ್ಲ. ಏಕೆ ಮಾಡಿದ ಎಂಬುದು ಪ್ರೇರಣೆಯಾದರೆ, ಏನನ್ನು ಮಾಡಲು ಹೊರಟ ಎಂಬುದು ಉದ್ದೇಶ. ಕಂಬವನ್ನು ತಳ್ಳುವವನಿಗೆ ಕಂಬ ಬೀಳುವುದೆಂಬ ಅರಿವು ಇದ್ದೇ ಇರುತ್ತದೆ. ಆದ್ದರಿಂದ ಪ್ರೇರಣೆ ಎಷ್ಟೇ ಹಗುರವಾಗಿದ್ದರೂ ಅಪರಾಧದ ಭಾರ ಹಗುರಾಗುವುದಿಲ್ಲ. ಹಂಪಿಗೆ ಹೋಗುವ ದಾರಿಯಲ್ಲಿ ಕಮಲಾಪುರದ ಬಳಿ, ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥುನಾಥ ತೀರ್ಥಂಕರರ ಚೈತ್ಯಾಲಯವಿದೆ. ಜನ ಅದನ್ನು ಗಾಣಿಗಿತ್ತಿ ಬಸದಿ ಎನ್ನುತ್ತಾರೆ. ಅದರ ಮುಂದಿನ ದೀಪಸ್ತಂಭದ ಮೇಲೆಯೇ ಆ ಶಾಸನವಿದೆ. ಆರು ಶತಮಾನಗಳಿಂದ ನಿಂತಿರುವ ಅಂತಹ ಕಲ್ಲೊಂದನ್ನು ಕೆಡವಲು ದ್ವೇಷವೇ ಬೇಕೆಂದಿಲ್ಲ. ಒಂದು ಗಳಿಗೆಯ ಪ್ರಮಾದ ಸಾಕು. ಪ್ರಮಾದವೆಂಬ ಮಾತೇ ಜೈನ ನೀತಿಶಾಸ್ತ್ರದ ಬಾಗಿಲು.

ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ; ಪ್ರಮತ್ತಯೋಗದಿಂದ, ಅಂದರೆ ಕಷಾಯಕ್ಕೆ ಒಳಗಾದ ಎಚ್ಚರಗೇಡಿ ಮನೋವಾಕ್ಕಾಯಗಳ ವ್ಯಾಪಾರದಿಂದ ಅದು ಆಗಿರಬೇಕೆಂದು ಷರತ್ತು ಹಾಕುತ್ತದೆ. ನ್ಯಾಯಶಾಸ್ತ್ರಜ್ಞರು ದುಷ್ಟ ಕ್ರಿಯೆ ಮತ್ತು ದುಷ್ಟ ಮನಸ್ಸು ಎಂದು ಎರಡು ಅಂಗ ಹೇಳಿದರೆ, ನಮ್ಮ ಆಚಾರ್ಯರು ದ್ರವ್ಯಹಿಂಸೆ ಮತ್ತು ಭಾವಹಿಂಸೆ ಎಂದರು. ಅಷ್ಟಕ್ಕೇ ನಿಲ್ಲದೆ ಮನಸ್ಸನ್ನು ಇನ್ನೂ ನುಣ್ಣಗೆ ಅರೆದು ನೋಡಿದರು. ಸಂಕಲ್ಪವು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ: ಹೀಗೆ ಮೂರು. ಇವು ಮನಸ್ಸಿನಿಂದ, ಮಾತಿನಿಂದ, ದೇಹದಿಂದ ಆಗುವುದರಿಂದ ಒಂಬತ್ತು. ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿ ಮೆಚ್ಚಿದ್ದು ಎಂದು ಇಪ್ಪತ್ತೇಳು. ಕ್ರೋಧ, ಮಾನ, ಮಾಯೆ, ಲೋಭಗಳಿಂದ ಗುಣಿಸಿದರೆ ನೂರೆಂಟು. ಜಪಮಾಲೆಯ ನೂರೆಂಟು ಮಣಿಗಳಿಗೂ ಈ ಲೆಕ್ಕಕ್ಕೂ ಸಂಬಂಧವಿದೆಯೆಂದು ಹಿರಿಯರು ಮಕ್ಕಳಿಗೆ ಹೇಳುವುದುಂಟು.

ಈ ನೂರೆಂಟರಲ್ಲಿ ರಾಜ್ಯದ ಕಾನೂನು ಎಷ್ಟನ್ನು ಮುಟ್ಟುತ್ತದೆ? ಸಂಕಲ್ಪವನ್ನು ಅದು ದಂಡಿಸುವುದಿಲ್ಲ. ಮನಸ್ಸಿನೊಳಗೆ ಇಣುಕುವ ಶಕ್ತಿ ಅದಕ್ಕಿಲ್ಲ. ಸಿದ್ಧತೆಯನ್ನೂ ಸಾಮಾನ್ಯವಾಗಿ ದಂಡಿಸುವುದಿಲ್ಲ. ದರೋಡೆಗೆ ಸಿದ್ಧತೆ, ರಾಜ್ಯದ ವಿರುದ್ಧ ಯುದ್ಧಕ್ಕೆ ಸಿದ್ಧತೆ ಮುಂತಾದ ಕೆಲವೇ ಗಂಡಾಂತರಗಳಿಗೆ ವಿನಾಯಿತಿ. ಕಾರ್ಯಕ್ಕೆ ತೊಡಗಿದೊಡನೆ ಮಾತ್ರ ಪ್ರಯತ್ನವೆಂಬ ಅಪರಾಧ ಹುಟ್ಟುತ್ತದೆ. ಮಾಡಿದವನ ಜೊತೆಗೆ ಮಾಡಿಸಿದವನನ್ನೂ ಕಾನೂನು ಹಿಡಿಯುತ್ತದೆ. ಪ್ರಚೋದನೆ, ಒಳಸಂಚು, ಸಮಾನ ಉದ್ದೇಶ ಇವೆಲ್ಲ 'ಕಾರಿತ'ದ ರೂಪಗಳು. ಆದರೆ ಕಂಬ ಬೀಳುವುದನ್ನು ದೂರದಲ್ಲಿ ಕುಳಿತು ನೋಡಿ ನಕ್ಕು ಮೆಚ್ಚಿದ ಸಾವಿರ ಜನರನ್ನು ಅದು ಕರೆಸುವುದಿಲ್ಲ. ಅನುಮೋದನೆಯೆಂಬ ಮೂರನೆಯ ಭಾಗವು ಧರ್ಮದ ತಕ್ಕಡಿಗೇ ಉಳಿದುಹೋಗಿದೆ.

ಪ್ರಯತ್ನದ ವಿಷಯದಲ್ಲಿ ದಂಡಸಂಹಿತೆಯು ಕೊಡುವ ಉದಾಹರಣೆ ಸ್ವಾರಸ್ಯಕರವಾದದ್ದು. ಆಭರಣ ಕದಿಯಲು ಪೆಟ್ಟಿಗೆ ಒಡೆದವನಿಗೆ ಒಳಗೆ ಏನೂ ದೊರೆಯದಿದ್ದರೂ, ಜೇಬಿಗೆ ಕೈಹಾಕಿದವನಿಗೆ ಅದು ಬರಿದಾಗಿ ಕಂಡರೂ ಅವನು ಕಳವಿನ ಪ್ರಯತ್ನದ ಅಪರಾಧಿಯೇ. ಫಲ ಶೂನ್ಯವಾಯಿತೆಂಬುದು ಪ್ರತಿವಾದವಾಗದು. ಕನ್ನಡಿಗರಿಗೆ ಈ ತತ್ತ್ವ ಹೊಸದಲ್ಲ. ಜನ್ನ ಕವಿಯು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ರಾಜ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸತ್ತದ್ದು ಹಿಟ್ಟು, ಆದರೆ ಕತ್ತಿ ಎತ್ತಿದ ಮನಸ್ಸು ಹಿಟ್ಟಿನದಲ್ಲ. ತಾಯಿಮಕ್ಕಳಿಬ್ಬರೂ ನವಿಲು, ನಾಯಿ ಮುಂತಾಗಿ ಜನ್ಮಜನ್ಮಗಳಲ್ಲಿ ಆ ಸಂಕಲ್ಪಹಿಂಸೆಯ ಫಲವನ್ನು ಉಣ್ಣುತ್ತಾರೆ. ಯಾವ ನ್ಯಾಯಾಲಯವೂ ಹಿಟ್ಟಿನ ಕೋಳಿಯ ಮೊಕದ್ದಮೆಯನ್ನು ದಾಖಲಿಸಿಕೊಳ್ಳಲಾರದು. ಖಾಲಿ ಜೇಬಿನವರೆಗೆ ಬಂದು ಕಾನೂನು ನಿಲ್ಲುತ್ತದೆ. ಅಲ್ಲಿಂದ ಮುಂದೆ ಧರ್ಮ ಒಂಟಿಯಾಗಿ ನಡೆಯುತ್ತದೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು: ಸಾವು ಸಂಭವಿಸಿದೆ, ಆದರೆ ದೋಷವಿಲ್ಲ. ಈರ್ಯಾಸಮಿತಿಯಿಂದ, ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವ ಮುನಿಗಳ ಪಾದದಡಿಗೆ ಜೀವಿಯೊಂದು ಹಠಾತ್ತಾಗಿ ಬಂದು ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲ ಎಂದು ಆಗಮ ಹೇಳುತ್ತದೆ. ನ್ಯಾಯಸಂಹಿತೆಯ 18ನೆಯ ಕಲಮಿನ ಆಕಸ್ಮಿಕದ ಪ್ರತಿವಾದವೂ ಇದೇ ಅಂಗಗಳನ್ನು ಕೇಳುತ್ತದೆ: ಕಾರ್ಯ ನ್ಯಾಯಸಮ್ಮತವಾಗಿರಬೇಕು, ರೀತಿ ಮತ್ತು ಸಾಧನ ನ್ಯಾಯಸಮ್ಮತವಾಗಿರಬೇಕು, ತಕ್ಕ ಎಚ್ಚರಿಕೆ ಇರಬೇಕು, ಅಪರಾಧದ ಉದ್ದೇಶವಾಗಲಿ ಅರಿವಾಗಲಿ ಇರಕೂಡದು. ಎಚ್ಚರ ತಪ್ಪಿದವನಿಗೆ ಈ ರಕ್ಷಣೆಯಿಲ್ಲ. ಸೊಂಡೂರಿನಿಂದ ಹೊಸಪೇಟೆಗೆ ಬರುವ ಘಟ್ಟದ ರಸ್ತೆಯಲ್ಲಿ ಮಿತಿಮೀರಿ ಅದಿರು ಹೇರಿಕೊಂಡ ಲಾರಿಯನ್ನು ಧಾವಿಸುವವನು ಯಾರಿಗೂ ತಾಗದೆ ಊರು ಸೇರಿದರೂ, ಜೀವಕ್ಕೆ ಅಪಾಯವಾಗುವಂತೆ ಓಡಿಸಿದ್ದಕ್ಕೆ 281ನೆಯ ಕಲಮಿನಡಿ ಅಪರಾಧಿಯಾಗುತ್ತಾನೆ. ತಾಗಿ ಜೀವ ಹೋದರೆ 106ನೆಯ ಕಲಮು. ಹಿಂದೆ ಎರಡು ವರ್ಷವಿದ್ದ ಸೆರೆಯ ಮಿತಿ ಈಗ ಐದು ವರ್ಷ. ಜೀವ ಸಾಯಲಿ ಬಿಡಲಿ, ಅಜಾಗರೂಕನಿಗೆ ಹಿಂಸೆ ನಿಶ್ಚಿತವೆಂಬ ಹಳೆಯ ಬೋಧೆಯನ್ನು ಕಾನೂನು ಇಲ್ಲಿ ತನ್ನ ಮಾತಿನಲ್ಲಿ ಹೇಳಿದಂತಿದೆ.

ಈ ಸೀಮೆಯ ವರ್ತಕರಿಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧಿಸಿದ್ದು ಕಳವಿನ ವಿಚಾರ. ಕಳವಿನ ಅಂಗಗಳು ಐದು: ಚರಸ್ವತ್ತು, ಅದು ಇನ್ನೊಬ್ಬರ ಸ್ವಾಧೀನದಲ್ಲಿರುವುದು, ಅವರ ಸಮ್ಮತಿಯಿಲ್ಲದಿರುವುದು, ಅಪ್ರಾಮಾಣಿಕ ಉದ್ದೇಶ, ಮತ್ತು ಆ ಉದ್ದೇಶದಿಂದ ವಸ್ತುವನ್ನು ಕದಲಿಸುವುದು. ಭೂಮಿಗೆ ಅಂಟಿಕೊಂಡಿರುವ ವಸ್ತು ಚರಸ್ವತ್ತಲ್ಲವಾದ್ದರಿಂದ ಕಳವಿನ ವಸ್ತುವಲ್ಲ. ಭೂಮಿಯಿಂದ ಬೇರ್ಪಟ್ಟ ಕ್ಷಣದಲ್ಲಿ ಅದು ಕಳವಿಗೆ ಪಾತ್ರವಾಗುತ್ತದೆ. ಕಂಪ್ಲಿಯ ತುಂಗಭದ್ರೆಯ ಮರಳಿಗೂ ಸೊಂಡೂರಿನ ಬೆಟ್ಟಗಳ ಅದಿರಿಗೂ ಈ ಸಣ್ಣ ವಿವರಣೆ ದೊಡ್ಡದಾಗಿ ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಮರಳು ಅಥವಾ ಖನಿಜ ತೆಗೆದು ಸಾಗಿಸುವುದು ಖನಿಜ ಕಾಯಿದೆಯ ಉಲ್ಲಂಘನೆ ಮಾತ್ರವಲ್ಲ, ದಂಡಸಂಹಿತೆಯಡಿ ಕಳವೂ ಆಗಬಲ್ಲುದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು.

ಅದಕ್ಕೂ ಮೊದಲೇ ಈ ಸೀಮೆಯಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಚೀನದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಹೊಸಪೇಟೆ, ಸೊಂಡೂರುಗಳ ರಸ್ತೆಗಳು ಕೆಂಪಾದವು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯ ವರದಿಯನ್ನೂ ಸಲ್ಲಿಸಿದರು. ಎರಡು ದಿನಗಳ ಬಳಿಕ, ಜುಲೈ 29ರಂದು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಗಡಿಮೀರಿ ಅತಿಕ್ರಮಿಸಿದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿಯಾದ ಅದಿರಿನಲ್ಲಿ ಲಕ್ಷಾಂತರ ಟನ್ ಕಾಣೆಯಾದ ಪ್ರಕರಣಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಉಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಕಾನೂನಿನ ನಡೆ ನಿಧಾನ. ಅದು ನಿಧಾನವಾಗಿರುವುದರಲ್ಲಿ ಆರೋಪಿಗೂ ಒಂದು ರಕ್ಷಣೆಯಿದೆ.

ಆದರೆ ವಿಚಾರ ಮಾಡಬೇಕಾದದ್ದು ಆರೋಪಪಟ್ಟಿಯಲ್ಲಿ ಹೆಸರಿದ್ದವರ ಕುರಿತಲ್ಲ, ಹೆಸರಿಲ್ಲದವರ ಕುರಿತು. ಅಗ್ಗದ ಬೆಲೆಗೆ ಅದಿರು ಕೊಂಡವರು, ಪರವಾನಗಿ ಕಾಗದವನ್ನು ತೋರಿಸೆಂದು ಕೇಳದವರು, ಲಾರಿಗೆ ಸಾಲ ಕೊಟ್ಟು ದುಬಾರಿ ಬಡ್ಡಿ ಎಣಿಸಿಕೊಂಡವರು, ಚೀಲದಲ್ಲಿ ಬಂದ ನಗದಿಗೆ ಚಿನ್ನ ತೂಗಿ ಕೊಟ್ಟವರು: ಇಂತಹವರಲ್ಲಿ ಬಹುಮಂದಿ ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿರಲಾರರು. ಕಳವಿನ ಮಾಲನ್ನು ಸ್ವೀಕರಿಸುವ ಅಪರಾಧಕ್ಕೆ, ಈಗಿನ 317ನೆಯ ಕಲಮಿಗೆ, ಮುಖ್ಯ ಅಂಗವೆಂದರೆ ಅದು ಕಳವಿನದೆಂದು ತಿಳಿದಿರುವುದು ಅಥವಾ ಹಾಗೆ ನಂಬಲು ಸಕಾರಣವಿರುವುದು. ಈ 'ಸಕಾರಣ' ಎಂಬ ಪದವನ್ನು ವರ್ತಕನಾದವನು ಬಾಯಿಪಾಠ ಮಾಡಬೇಕು. ಪೇಟೆಯ ಧಾರಣೆಗಿಂತ ಅರ್ಧ ಬೆಲೆ, ರಾತ್ರಿಯಲ್ಲೇ ಸಾಗಣೆ, ರಸೀದಿ ಬೇಡವೆಂಬ ಮಾತು: ಇವು ಕಾರಣಗಳಲ್ಲದೆ ಮತ್ತೇನು? 'ಕೇಳಲಿಲ್ಲ, ಆದ್ದರಿಂದ ತಿಳಿಯಲಿಲ್ಲ' ಎಂಬುದು ಅಜ್ಞಾನವಲ್ಲ; ಜಾಣತನದಿಂದ ಸಾಕಿಕೊಂಡ ಕುರುಡು.

ನಮ್ಮ ಶಾಸ್ತ್ರವು ಈ ಕುರುಡನ್ನು ಬಹು ಹಿಂದೆಯೇ ಗುರುತಿಸಿದೆ. ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳು. ಕಳ್ಳನನ್ನು ಪ್ರೇರೇಪಿಸುವುದು ಸ್ತೇನಪ್ರಯೋಗ. ಕಳ್ಳನು ತಂದದ್ದನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು ವಿರುದ್ಧರಾಜ್ಯಾತಿಕ್ರಮ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಹೀನಾಧಿಕಮಾನೋನ್ಮಾನ. ಒಳ್ಳೆಯದರ ಹೆಸರಿನಲ್ಲಿ ಕಲಬೆರಕೆ ಮಾರುವುದು ಪ್ರತಿರೂಪಕವ್ಯವಹಾರ. ಪ್ರಚೋದನೆ, ಕಳವಿನ ಮಾಲಿನ ಸ್ವೀಕಾರ, ಸುಂಕತಪ್ಪಿಸುವಿಕೆ, 2009ರ ಕಾನೂನುಬದ್ಧ ಮಾಪನ ಕಾಯಿದೆಯ ಅಪರಾಧಗಳು, ಕಲಬೆರಕೆ: ಇಂದಿನ ಆರ್ಥಿಕ ಅಪರಾಧಗಳ ಸೂಚಿಯೇ ಇಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ ಈ ಐದರಲ್ಲಿ ಒಂದೂ ನೇರವಾದ ಕಳವಲ್ಲ. ಶ್ರಾವಕನು ಗೋಡೆಗೆ ಕನ್ನ ಹಾಕುವವನಲ್ಲವೆಂದು ಆಚಾರ್ಯರಿಗೆ ಗೊತ್ತಿತ್ತು. ಅವನು ಜಾರುವುದು ಅಂಗಡಿಯ ಗದ್ದಿಗೆಯ ಮೇಲೆ ಕುಳಿತೇ ಎಂಬುದೂ ಗೊತ್ತಿತ್ತು.

ನಂಬಿಕೆದ್ರೋಹ ಮತ್ತು ವಂಚನೆಗಳ ಭೇದವನ್ನೂ ವರ್ತಕನು ತಿಳಿಯಬೇಕು. ಕಂಪ್ಲಿಯಲ್ಲಿ ಒಬ್ಬ ಭತ್ತದ ದಲಾಲನಿದ್ದಾನೆಂದು ಊಹಿಸೋಣ. ಬೆಲೆ ಬರುವವರೆಗೆ ಇರಲೆಂದು ರೈತನು ನೂರು ಚೀಲ ಭತ್ತವನ್ನು ಅವನ ಗೋದಾಮಿನಲ್ಲಿ ಇರಿಸುತ್ತಾನೆ. ದಲಾಲನು ಅದನ್ನು ತನ್ನದೆಂಬಂತೆ ಮಾರಿ ಹಣವನ್ನು ಸ್ವಂತಕ್ಕೆ ಬಳಸಿದರೆ ಅದು ನಂಬಿಕೆದ್ರೋಹ. ಅದರ ಅಂಗಗಳು ವಶಕ್ಕೆ ಒಪ್ಪಿಸಿದ ವಿಶ್ವಾಸ ಮತ್ತು ನಂತರ ಹುಟ್ಟಿದ ಅಪ್ರಾಮಾಣಿಕತೆ. ಹಣ ಕೊಡುವ ಮನಸ್ಸು ಮೊದಲಿನಿಂದಲೂ ಇಲ್ಲದೆ, ಸುಳ್ಳು ಭರವಸೆ ಕೊಟ್ಟು ಭತ್ತ ಪಡೆದಿದ್ದರೆ ಅದು ವಂಚನೆ. ಇಲ್ಲಿ ದುರುದ್ದೇಶ ಆರಂಭದಲ್ಲೇ ಇರಬೇಕು. ಒಂದೇ ವ್ಯವಹಾರದ ಮೇಲೆ ಈ ಎರಡು ಆರೋಪಗಳು ಒಟ್ಟಿಗೆ ನಿಲ್ಲಲಾರವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟಿನಲ್ಲಿ ಮತ್ತೆ ನೆನಪಿಸಿತು. ಆ ದಲಾಲನು ಭತ್ತವನ್ನು ಪ್ರಾಮಾಣಿಕವಾಗಿ ಕೊಂಡು, ವ್ಯಾಪಾರ ಮುಳುಗಿ ಹಣ ಕೊಡಲಾಗದೆ ಹೋದರೆ ಅದು ಸಾಲ ಮಾತ್ರ; ಸಿವಿಲ್ ದಾವೆಯ ವಿಷಯ. ಬಡತನ ಅಪರಾಧವಲ್ಲ. ಸಾಲಗಾರನನ್ನು ಹೆದರಿಸಲೆಂದೇ ಕ್ರಿಮಿನಲ್ ದೂರು ಕೊಡುವುದು ಕೆಲವು ವರ್ತಕರಲ್ಲಿ ಅಭ್ಯಾಸವಾಗಿದೆ. ಇಲ್ಲದ ಅಂಗವನ್ನು ಇದೆಯೆಂದು ಬರೆಯುವ ಆ ದೂರು ಸತ್ಯಾಣುವ್ರತಕ್ಕೆ ನೇರವಾದ ಭಂಗ.

ಇದೇ ಪ್ರಸಂಗದಲ್ಲಿ ಶಾಸ್ತ್ರವು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸತ್ಯವ್ರತದ ಅತಿಚಾರಗಳಲ್ಲಿ ಸುಳ್ಳು ದಸ್ತಾವೇಜು ಬರೆಯುವ ಕೂಟಲೇಖಕ್ರಿಯೆಯ ಜೊತೆಗೆ ನ್ಯಾಸಾಪಹಾರವೂ ಒಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವ ರೀತಿ ಮನಸ್ಸನ್ನು ತಟ್ಟುವಂತಿದೆ. ಇಟ್ಟವನು ತಾನು ಇಟ್ಟ ದ್ರವ್ಯದ ಎಣಿಕೆ ಮರೆತು ಕಡಮೆ ಕೇಳಿದಾಗ, 'ಹಾಗೆಯೇ ಆಗಲಿ' ಎಂದು ಅಷ್ಟನ್ನೇ ಕೊಟ್ಟು ಕಳುಹಿಸುವುದು ನ್ಯಾಸಾಪಹಾರ. ನೂರು ಚೀಲವಿಟ್ಟ ರೈತನು ಮುಪ್ಪಿನ ಮರೆವಿನಲ್ಲಿ ತೊಂಬತ್ತು ಎಂದರೆ ದಲಾಲನು ಸುಳ್ಳಾಡಬೇಕಾಗಿಲ್ಲ, ತಲೆಯಾಡಿಸಿದರೆ ಸಾಕು. ಕಾನೂನಿನ ಕಣ್ಣಿನಲ್ಲಿಯೂ ಇದು ನಂಬಿಕೆದ್ರೋಹವೇ ಆಗಬಹುದು. ಆದರೆ ಸಾಕ್ಷಿ ಹೇಳುವವರು ಯಾರು? ಗೋದಾಮಿನಲ್ಲಿ ಉಳಿದ ಹತ್ತು ಚೀಲಗಳಿಗೆ ಬಾಯಿಲ್ಲ.

ಇನ್ನು ಪ್ರತಿವಾದಗಳ ವಿಚಾರ. ನ್ಯಾಯಸಂಹಿತೆಯ 14ರಿಂದ 44ರವರೆಗಿನ ಕಲಮುಗಳು ಸಾಮಾನ್ಯ ವಿನಾಯಿತಿಗಳು. ಸಂಗತಿಯ ತಪ್ಪುತಿಳಿವಳಿಕೆಗೆ ಕ್ಷಮೆಯುಂಟು. ಕಾನೂನು ತಿಳಿದಿರಲಿಲ್ಲವೆಂಬುದಕ್ಕೆ ಇಲ್ಲ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ ತಿಳಿವಳಿಕೆ ಬಲಿತಿದೆಯೇ ಎಂದು ನೋಡಬೇಕು. ಕಾರ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯದಂತೆ ಚಿತ್ತ ಕೆಟ್ಟವನಿಗೆ ದಂಡವಿಲ್ಲ. ತನ್ನ ಇಚ್ಛೆಯಿಂದಲೇ ಕುಡಿದವನಿಗೆ ಅಮಲಿನ ನೆಪವಿಲ್ಲ. ಅರಿವಿನ ಮಟ್ಟಿಗೆ ಅವನನ್ನು ಅಮಲಿಲ್ಲದವನಂತೆಯೇ ಕಾಣಲಾಗುತ್ತದೆ. ಮದ್ಯತ್ಯಾಗವನ್ನು ಮೂಲಗುಣಗಳಲ್ಲಿ ಮೊದಲಿಗಿಟ್ಟ ಶ್ರಾವಕಾಚಾರಕ್ಕೆ ಇದು ಒಪ್ಪುವ ಮಾತು. ಯಾವ ವಿವೇಕಿಯೂ ದೂರು ಹೇಳದಷ್ಟು ಅಲ್ಪವಾದ ಹಾನಿಯನ್ನು 33ನೆಯ ಕಲಮು ಬಿಟ್ಟುಬಿಡುತ್ತದೆ.

ಆತ್ಮರಕ್ಷಣೆಯ ಹಕ್ಕನ್ನು ಕುರಿತು ಜೈನರಲ್ಲದವರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಅಹಿಂಸಾವ್ರತಿಯು ಕಳ್ಳನನ್ನು ಎದುರಿಸಬಹುದೇ? ಗೃಹಸ್ಥನ ಹಿಂಸೆಯನ್ನು ಹಿರಿಯರು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅವನು ಸಂಪೂರ್ಣ ಬಿಡಬೇಕು. ಮನೆವಾರ್ತೆಯ ಆರಂಭೀ, ಜೀವನೋಪಾಯದ ಉದ್ಯೋಗೀ, ರಕ್ಷಣೆಯ ವಿರೋಧೀ ಹಿಂಸೆಗಳನ್ನು ಶಕ್ತಿಯಿದ್ದಷ್ಟು ಕುಗ್ಗಿಸಬೇಕು. ಇರುಗಪ್ಪನು ದಂಡನಾಯಕನಾಗಿದ್ದೂ ಶ್ರಾವಕನಾಗಿದ್ದುದು ಈ ವಿವೇಕದ ಆಸರೆಯಿಂದಲೇ. ಕಾನೂನು ಕೂಡ ಇಲ್ಲಿ ಕುಗ್ಗಿಸುವ ಮಾತನ್ನೇ ಆಡುತ್ತದೆ: ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಕೂಡದು, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಓಡಿಹೋಗುತ್ತಿರುವ ಕಳ್ಳನನ್ನು ಹಿಡಿದು ಕಟ್ಟಿಹಾಕಿ ಜನರೆಲ್ಲ ಸೇರಿ ಬಡಿಯುವುದು ರಕ್ಷಣೆಯಲ್ಲ. ಅಲ್ಲಿ ವಿರೋಧೀ ಹಿಂಸೆಯ ವೇಷದಲ್ಲಿ ಸಂಕಲ್ಪೀ ಹಿಂಸೆ ಕುಣಿಯುತ್ತಿರುತ್ತದೆ.

ಹಠಾತ್ ಪ್ರಚೋದನೆಯ ವಿನಾಯಿತಿಯನ್ನೂ ಕಷಾಯಗಳ ಬೆಳಕಿನಲ್ಲಿ ನೋಡಬಹುದು. ಕ್ರೋಧವನ್ನು ಶಾಸ್ತ್ರವು ನಾಲ್ಕು ಗೆರೆಗಳಿಗೆ ಹೋಲಿಸುತ್ತದೆ: ನೀರಿನ ಮೇಲಿನದು, ಮರಳಿನ ಮೇಲಿನದು, ನೆಲದ ಮೇಲಿನದು, ಕಲ್ಲಿನ ಮೇಲಿನದು. ತಡೆಯಲಾಗದ ಹಠಾತ್ ಕೆರಳಿಕೆಯಲ್ಲಿ ಆದ ಹತ್ಯೆಯನ್ನು ಕಾನೂನು ಕೊಲೆಯ ಮಟ್ಟದಿಂದ ಕೆಳಗಿಳಿಸುತ್ತದೆ. ಆದರೆ ಕೋಪ ಆರಲು ಹೊತ್ತು ಸಿಕ್ಕಿದ್ದರೆ ಆ ರಿಯಾಯಿತಿಯಿಲ್ಲ. ಮುಂಬಯಿಯ ನಾನಾವತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1961ರ ನವೆಂಬರಿನಲ್ಲಿ ಎತ್ತಿಹಿಡಿದದ್ದು ಇದೇ ತತ್ತ್ವವನ್ನು: ವಿಷಯ ತಿಳಿದ ಗಳಿಗೆಗೂ ಗುಂಡು ಹಾರಿದ ಗಳಿಗೆಗೂ ನಡುವೆ ಸಾಕಷ್ಟು ಅವಧಿಯಿತ್ತು. ನೀರಿನ ಗೆರೆ ಅಳಿಸಿಹೋಗುವ ಹೊತ್ತಿನಲ್ಲಿ ಅದನ್ನು ಕಲ್ಲಿನ ಮೇಲೆ ಕೊರೆದುಕೊಂಡವನಿಗೆ ವಿನಾಯಿತಿ ಎಲ್ಲಿಯದು?

ಆರೋಪವನ್ನು ಸಂಶಯಾತೀತವಾಗಿ ಸ್ಥಾಪಿಸುವ ಹೊಣೆ ಆರೋಪಿಸಿದವರದು; ವಿನಾಯಿತಿ ಬೇಡುವ ಆರೋಪಿಯು ಅದು ಸಂಭವನೀಯವೆಂದು ತೋರಿಸಿದರೆ ಸಾಕು. ಈ ಹೊಣೆಯ ಬೆಲೆಯೇನೆಂಬುದನ್ನು ಕಂಪ್ಲಿಯ ಸೀಮೆಯ ಕುಮಾರರಾಮನ ಕಥೆಗಿಂತ ಚೆನ್ನಾಗಿ ಹೇಳುವುದು ಕಷ್ಟ. ಮಲತಾಯಿ ರತ್ನಾಜಿಯು ಹೊರಿಸಿದ ಸುಳ್ಳು ಅಪವಾದವನ್ನು ಕೇಳಿದ ಕಂಪಿಲರಾಯನು ಮಗನ ಮಾತನ್ನು ಕೇಳದೆಯೇ ತಲೆ ಕಡಿಯಲು ಅಪ್ಪಣೆಮಾಡುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ಗುಟ್ಟಾಗಿ ಅಡಗಿಸಿಟ್ಟು ಬೇರೊಂದು ತಲೆಯನ್ನು ತೋರಿಸಿದ್ದರಿಂದ ರಾಜ್ಯಕ್ಕೆ ವೀರನು ಉಳಿದನು. ಎಲ್ಲ ಅರಮನೆಗಳಲ್ಲೂ ಬೈಚಪ್ಪನಿರುವುದಿಲ್ಲ. ಆದುದರಿಂದಲೇ ವಿಚಾರಣೆಯೆಂಬ ನಿಧಾನವಾದ, ಬೇಸರ ತರುವ ಏರ್ಪಾಡು ಬೇಕು. ಅನೇಕಾಂತವನ್ನು ಒಪ್ಪಿದವರು ಇನ್ನೊಂದು ಕಡೆಯ ಮಾತು ಕೇಳುವವರೆಗೆ ಯಾರನ್ನೂ ಅಪರಾಧಿಯೆಂದು ಕರೆಯಬಾರದು. ಮಾಡದವನನ್ನು ನಿಂದಿಸುವ ನಾಲಿಗೆಯೂ ಹಿಂಸೆಯ ಸಾಧನವೇ.

ನಮ್ಮ ಸಮಾಜವೇ ಒಮ್ಮೆ ಆರೋಪಿಯ ಸ್ಥಾನದಲ್ಲಿ ನಿಂತದ್ದನ್ನು ಮರೆಯಲಾಗದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯ ಪ್ರಯತ್ನವೆಂದು ಬಗೆಯಬೇಕೆಂದಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ವಾದದ ತಿರುಳು ಅಂಗಗಳದೇ ಆಗಿತ್ತು. ಪ್ರಾಣ ಬಿಡುವ ಹೊರಗಿನ ಕ್ರಿಯೆ ಎರಡರಲ್ಲಿಯೂ ಒಂದೇ ರೀತಿ ಕಾಣಬಹುದು. ಆದರೆ ರಾಗ, ದ್ವೇಷ, ಮೋಹಗಳಿಂದ ವಿಷ ಅಥವಾ ಶಸ್ತ್ರ ಹಿಡಿಯುವವನಿಗೂ, ಪ್ರತೀಕಾರವಿಲ್ಲದ ಅಂತ್ಯ ಸಮೀಪಿಸಿದಾಗ ಕಷಾಯಗಳನ್ನು ಕರಗಿಸುತ್ತ ದೇಹವನ್ನು ಬಿಟ್ಟುಕೊಡುವವನಿಗೂ ಮನಸ್ಸಿನ ಅಂಗ ಬೇರೆ. ಪ್ರಮಾದವಿಲ್ಲದ ಕಡೆ ಆತ್ಮವಧೆಯ ದೋಷವಿಲ್ಲವೆಂದು ಪೂಜ್ಯಪಾದರು ಮಾಡಿದ ಸಮರ್ಥನೆಯು ಇಂದಿನ ನ್ಯಾಯವಾದಿಗೂ ಒಪ್ಪುವ ಕ್ರಮದಲ್ಲಿದೆ. ಆತ್ಮಹತ್ಯೆಯ ಪ್ರಯತ್ನವನ್ನು ದಂಡಿಸುತ್ತಿದ್ದ ಹಳೆಯ 309ನೆಯ ಕಲಮು ಹೊಸ ಸಂಹಿತೆಯಲ್ಲಿಲ್ಲ; ಸರಕಾರಿ ನೌಕರನನ್ನು ಒತ್ತಾಯಕ್ಕೆ ಗುರಿಪಡಿಸಲು ಮಾಡುವ ಪ್ರಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಆದರೂ ಯಾರ ಒತ್ತಾಯಕ್ಕೋ ಕೀರ್ತಿಗೋ ಕೈಗೊಂಡ ಸಲ್ಲೇಖನವು ಸಲ್ಲೇಖನವಲ್ಲವೆಂಬ ಎಚ್ಚರ ನಮ್ಮಲ್ಲಿಯೂ ಇರಬೇಕು. ಭಾವವನ್ನು ಪ್ರತಿವಾದವಾಗಿ ಮುಂದಿಡುವವರು ಆ ಭಾವವನ್ನು ಕಾಪಾಡಿಕೊಳ್ಳಲೂ ಬೇಕು.

ಕೊನೆಯದಾಗಿ ದಂಡ. ಹೊಸ ಸಂಹಿತೆಯು ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಶಿಕ್ಷೆಗೊಳಗಾದವನು ಅದನ್ನು ಹಿಂದಿರುಗಿಸಿದರೆ, ಸೆರೆಯ ಬದಲು ಸೇವೆ ಮಾಡಬೇಕು. ಹಾಳುಮಾಡಿದ್ದನ್ನು ಸರಿಪಡಿಸು ಎಂಬ 2019ರ ಹಂಪಿಯ ಪಾಠವು ಹೀಗೆ ಶಾಸನದೊಳಕ್ಕೂ ಸ್ವಲ್ಪ ಮಟ್ಟಿಗೆ ಬಂದಂತಾಯಿತು. ನಮ್ಮ ಶಾಸ್ತ್ರದ ಪ್ರಾಯಶ್ಚಿತ್ತದ ಒಂಬತ್ತು ಬಗೆಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಮುಚ್ಚುಮರೆಯಿಲ್ಲದೆ ಗುರುಗಳಲ್ಲಿ ದೋಷವನ್ನು ನಿವೇದಿಸುವುದು; ಎರಡನೆಯದು ಪ್ರತಿಕ್ರಮಣ, ಅಂದರೆ ಅತಿಕ್ರಮಿಸಿದ ಸ್ಥಳದಿಂದ ಹಿಂದಕ್ಕೆ ಬರುವುದು. ನ್ಯಾಯಾಲಯದಲ್ಲಿ ಆರೋಪಿಗೆ ಮೌನವಾಗಿರುವ ಹಕ್ಕಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೆಂದು ಸಂವಿಧಾನದ 20ನೆಯ ಅನುಚ್ಛೇದದ ಪ್ರಕಾರ ಯಾರೂ ಅವನನ್ನು ಬಲವಂತಪಡಿಸುವಂತಿಲ್ಲ. ಅದು ಸರಿಯಾದದ್ದೇ, ಬಲವುಳ್ಳ ರಾಜ್ಯದೆದುರು ಬಲಹೀನನಿಗೆ ಅಷ್ಟು ಆಸರೆ ಬೇಕು. ಆದರೆ ಸಾಮಾಯಿಕದಲ್ಲಿ ಆ ಹಕ್ಕಿಲ್ಲ. ಅಲ್ಲಿ ಆರೋಪಿಯೂ ಸಾಕ್ಷಿಯೂ ಒಬ್ಬನೇ.

ಹೊಸಪೇಟೆಯಾಗಲಿ ಕಂಪ್ಲಿಯಾಗಲಿ, ದೀಪಾವಳಿಯ ದಿನ ಮಹಾವೀರ ಸ್ವಾಮಿಯ ನಿರ್ವಾಣವನ್ನು ಸ್ಮರಿಸಿ ಹೊಸ ಖಾತೆಪುಸ್ತಕವನ್ನು ಪೂಜಿಸುವ ಮನೆಗಳು ಹಲವು. ಹಳೆಯ ಪುಸ್ತಕವನ್ನು ಕಟ್ಟಿಡುವ ಮುನ್ನ ಅದನ್ನು ಇನ್ನೊಮ್ಮೆ ತೆರೆಯುವುದು ಒಳ್ಳೆಯದು. ತೆರಿಗೆಯ ಅಧಿಕಾರಿಗೆ ತೋರಿಸಬೇಕಾದ ಅಂಕಿಗಳು ಸರಿಯಿರಬಹುದು. ಲೆಕ್ಕಪರಿಶೋಧಕನ ಸಹಿಯೂ ಇರಬಹುದು. ಆದರೆ ಯಾರು ತಂದದ್ದೆಂದು ಕೇಳದೆ ಕೊಂಡದ್ದು ಎಷ್ಟು, ಮರೆತವನಿಗೆ ನೆನಪಿಸದೆ ಉಳಿಸಿಕೊಂಡದ್ದು ಎಷ್ಟು, ಅನ್ಯಾಯವನ್ನು ಮೆಚ್ಚಿ ತಲೆದೂಗಿದ್ದು ಎಷ್ಟು ಸಲ ಎಂಬ ಅಂಕಣಗಳು ಯಾವ ಪುಸ್ತಕದಲ್ಲೂ ಅಚ್ಚಾಗಿರುವುದಿಲ್ಲ. ಅವುಗಳನ್ನು ಗೆರೆ ಎಳೆದು ತುಂಬಬೇಕಾದವನು ಅಂಗಡಿಯ ಯಜಮಾನನೇ. ಹಿಂದಿರುಗಿಸಬೇಕಾದ ಹತ್ತು ಚೀಲ ಯಾವುದಾದರೂ ಆ ಅಂಕಣದಲ್ಲಿ ಕಂಡುಬಂದರೆ, ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆಯಬೇಕಾದ ಮೊದಲ ಖರ್ಚು ಅದೇ.